ಸ್ಯಾನಟೋರಿಯಂನಿಂದ ಮನೆಗೆ: ಕ್ಷಯದ ಚಿಕಿತ್ಸೆ ಕಲಿಸಿದ ಪುರಾವೆಯ ಪಾಠ

ಎರಡು ವಾರ ಕಳೆದರೂ ಕೆಮ್ಮು ಬಿಟ್ಟಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ತೂಕ ಇಳಿದಿದೆ ಎಂದು ಹೇಳಿಕೊಂಡು ಬರುವ ರೋಗಿಗೆ ಇಂದಿನ ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಏನು ಮಾಡುತ್ತಾರೆಂಬುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಕಫ ಪರೀಕ್ಷೆ ಬರೆಯುತ್ತಾರೆ. ಕ್ಷಯವೆಂದು ಖಾತ್ರಿಯಾಗಿ, ಅದು ಸಾಮಾನ್ಯ ಔಷಧಿಗೆ ಬಗ್ಗುವ ಬಗೆಯದಾದರೆ, ಆರು ತಿಂಗಳ ಮಾತ್ರೆ ಶುರುಮಾಡಿ ಮನೆಗೆ ಕಳಿಸುತ್ತಾರೆ. ಮನೆಯವರನ್ನೂ ತಪಾಸಣೆಗೆ ಕರೆಸುತ್ತಾರೆ. ಇಷ್ಟು ಸರಳವಾಗಿ ಕಾಣುವ ಈ ಒಂದೊಂದು ಹೆಜ್ಜೆಯ ಹಿಂದೆಯೂ ವೈದ್ಯರ ನಡುವೆ ವರ್ಷಗಟ್ಟಲೆ ತಕರಾರು ನಡೆದಿದೆ, ಮತ್ತು ಆ ತಕರಾರುಗಳಲ್ಲಿ ಮುಖ್ಯವಾದ ಕೆಲವು ಬಗೆಹರಿದದ್ದು ನಮ್ಮ ಮಗ್ಗುಲಲ್ಲೇ: ಮದ್ರಾಸಿನಲ್ಲಿ, ಬೆಂಗಳೂರಿನಲ್ಲಿ, ತುಮಕೂರಿನ ಹಳ್ಳಿಗಳಲ್ಲಿ, ಚೆಂಗಲ್ಪಟ್ಟಿನಲ್ಲಿ. ಪುರಾವೆ ಆಧಾರಿತ ವೈದ್ಯಪದ್ಧತಿ ಎಂಬ ಹೆಸರು ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ. ಅದರಿಂದಾಗಿ ಪುರಾವೆ ತೂಗುವ ಕೆಲಸವೆಂದರೆ ಹೊರದೇಶದ ನಿಯತಕಾಲಿಕೆ ಓದಿ ಅದರಂತೆ ನಡೆಯುವುದು ಎಂಬ ಭಾವನೆ ನಮ್ಮ ವೈದ್ಯರಲ್ಲೂ ಬೇರೂರಿದೆ. ಕ್ಷಯದ ಚರಿತ್ರೆಯನ್ನು ಓದಿದರೆ ಆ ಭಾವನೆ ನಿಲ್ಲುವುದಿಲ್ಲ. ಒಂದು ಪುರಾವೆ ಯಾವ ಪ್ರಶ್ನೆಗೆ ಉತ್ತರ, ಯಾರ ಮೇಲೆ ನೋಡಿ ಪಡೆದ ಉತ್ತರ, ಎಷ್ಟು ಕಾಲದವರೆಗೆ ಸಲ್ಲುವ ಉತ್ತರ ಎಂದು ಗುರುತಿಸಿದಾಗಷ್ಟೇ ಅದಕ್ಕೆ ತೂಕ ಬರುತ್ತದೆ. ಈ ಗೆರೆ ಗುರುತಿಸುವ ಕೆಲಸ ಸಂಶೋಧಕರದ್ದು ಎಷ್ಟೋ, ಹೊರರೋಗಿ ವಿಭಾಗದಲ್ಲಿ ಕೂತ ವೈದ್ಯರದ್ದೂ ಅಷ್ಟೇ.

ಔಷಧಿಯೇ ಇಲ್ಲದ ಕಾಲದಿಂದ ಶುರುಮಾಡಬೇಕು. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟಾಗ ಕಾರಣ ಗೊತ್ತಾಯಿತೇ ಹೊರತು ಪರಿಹಾರ ಸಿಗಲಿಲ್ಲ. ಅದಕ್ಕೂ ಮೊದಲೇ ಜರ್ಮನಿಯ ಬೆಟ್ಟಸೀಮೆಯಲ್ಲಿ ಹರ್ಮನ್ ಬ್ರೆಮರ್ ಶುರುಮಾಡಿದ್ದ ಸ್ಯಾನಟೋರಿಯಂ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು: ಶುದ್ಧ ಗಾಳಿ, ಪುಷ್ಟಿಯ ಊಟ, ತಿಂಗಳುಗಟ್ಟಲೆ ಹಾಸಿಗೆ. ನಮ್ಮಲ್ಲಿ ಅಜ್ಮೀರದ ಬಳಿಯ ತಿಲೋನಿಯಾ, ಮದನಪಲ್ಲಿಯ ಆರೋಗ್ಯವರಂ, ಮೈಸೂರಿನಲ್ಲಿ ರಾಜಮನೆತನದ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತ ಪಿಕೆಟಿಬಿ ಆಸ್ಪತ್ರೆ, ಇವೆಲ್ಲ ಆ ನಂಬಿಕೆಯ ಮೇಲೆ ಎದ್ದವು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಸ್ಯಾನಟೋರಿಯಂನ ವೈದ್ಯರು ದಿನವೂ ರೋಗಿಗಳನ್ನು ಕಾಣುತ್ತಿದ್ದರು. ಹಲವರ ಜ್ವರ ಇಳಿಯುವುದನ್ನು, ತೂಕ ಏರುವುದನ್ನು ಕಣ್ಣಾರೆ ನೋಡಿದ್ದರು. ಅವರಿಗೆ ಕಾಣದೆ ಉಳಿದದ್ದು ಇನ್ನೊಂದು ಗುಂಪು: ಸ್ಯಾನಟೋರಿಯಂಗೆ ಸೇರದೆ ಮನೆಯಲ್ಲೇ ಉಳಿದವರು. ಅವರಲ್ಲೂ ಕೆಲವರು ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದರು. ಜೊತೆಗೆ ಎಷ್ಟೋ ಸ್ಯಾನಟೋರಿಯಂಗಳು ಗುಣವಾಗುವ ಭರವಸೆ ಇರುವವರನ್ನೇ ಆರಿಸಿ ಸೇರಿಸಿಕೊಳ್ಳುತ್ತಿದ್ದವು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಗುಂಪು ಇಲ್ಲದಿದ್ದರೆ ಎಂಥ ಅನುಭವಿಯೂ ರೋಗದ ಸಹಜ ಗತಿಯನ್ನು ಚಿಕಿತ್ಸೆಯ ಗೆಲುವೆಂದು ಭಾವಿಸುತ್ತಾರೆ. ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲೆಂದು ಎದೆಗೂಡಿಗೆ ಗಾಳಿ ತುಂಬುವುದು, ಪಕ್ಕೆಲುಬು ತೆಗೆಯುವುದು ಮೊದಲಾದ ಕಠಿಣ ಚಿಕಿತ್ಸೆಗಳೂ ಇಂಥ ಅನುಭವದ ಬಲದ ಮೇಲೆಯೇ ದಶಕಗಟ್ಟಲೆ ನಡೆದವು.

ಅನುಮಾನ ಮೊದಲು ಮೊಳೆತದ್ದು ಚಿನ್ನದ ವಿಷಯದಲ್ಲಿ. 1920ರ ದಶಕದಲ್ಲಿ ಡೆನ್ಮಾರ್ಕಿನಿಂದ ಬಂದ ಸಾನೋಕ್ರೈಸಿನ್ ಎಂಬ ಚಿನ್ನದ ಲವಣದ ಚುಚ್ಚುಮದ್ದು ಯುರೋಪಿನಲ್ಲಿ ಭಾರೀ ಹೆಸರು ಮಾಡಿತ್ತು. ಅಮೆರಿಕದ ಡೆಟ್ರಾಯಿಟ್ ಬಳಿಯ ಸ್ಯಾನಟೋರಿಯಂ ಒಂದರಲ್ಲಿ ಆಂಬರ್ಸನ್ ಮತ್ತು ಸಂಗಡಿಗರು 24 ರೋಗಿಗಳನ್ನು ಸ್ಥಿತಿಗತಿ ಸರಿಹೊಂದುವಂತೆ ಹನ್ನೆರಡರ ಎರಡು ಗುಂಪು ಮಾಡಿ, ಯಾವ ಗುಂಪಿಗೆ ಚಿನ್ನ, ಯಾವ ಗುಂಪಿಗೆ ಬರೀ ಭಟ್ಟಿ ಇಳಿಸಿದ ನೀರು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. 1931ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಚಿನ್ನದಿಂದ ಲಾಭವೇನೂ ಕಾಣಲಿಲ್ಲ, ವಿಷದ ಪರಿಣಾಮ ಮಾತ್ರ ಎದ್ದು ಕಂಡಿತು. ಹತ್ತು ವರ್ಷಗಳ ಬಳಿಕ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಆರ್ಚಿ ಕಾಕ್ರೇನ್ ಎಂಬ ಬ್ರಿಟಿಷ್ ವೈದ್ಯ ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿ ಕ್ಷಯದ ಕೈದಿಗಳನ್ನು ನೋಡಿಕೊಳ್ಳುತ್ತಿದ್ದರು. ಯಾವ ಚಿಕಿತ್ಸೆ ಬೇಕಾದರೂ ಮಾಡುವ ಸ್ವಾತಂತ್ರ್ಯ ಅವರಿಗಿತ್ತು. ಯಾವುದು ಯಾರಿಗೆ ಒಳ್ಳೆಯದು, ಯಾವುದು ಆಯಸ್ಸು ಕಡಿಮೆ ಮಾಡುತ್ತದೆ ಎಂಬ ತಿಳಿವಳಿಕೆ ಮಾತ್ರ ಇರಲಿಲ್ಲ. ಆ ಸಂಕಟವನ್ನು ಅವರು 1972ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಇಂದು ಜಗತ್ತಿನ ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಬಹುದೊಡ್ಡ ಸಂಸ್ಥೆ ಅವರ ಹೆಸರನ್ನೇ ಇಟ್ಟುಕೊಂಡಿದೆ. ವೈದ್ಯರ ಸ್ವಾತಂತ್ರ್ಯವನ್ನು ಪುರಾವೆ ಕಿತ್ತುಕೊಳ್ಳುತ್ತದೆ ಎಂದು ಇಂದಿಗೂ ಕೇಳಿಬರುವ ದೂರಿಗೆ ಕಾಕ್ರೇನ್ ಅವರ ಅನುಭವ ಒಳ್ಳೆಯ ಉತ್ತರ. ತಿಳಿವಳಿಕೆ ಇಲ್ಲದ ಕಡೆ ಸ್ವಾತಂತ್ರ್ಯದಿಂದ ರೋಗಿಗೆ ಸಿಗುವುದು ಏನೂ ಇಲ್ಲ.

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಯುದ್ಧದಿಂದ ಬಸವಳಿದ ಬ್ರಿಟನ್ನಿಗೆ ಅದನ್ನು ಕೊಳ್ಳಲು ಡಾಲರ್ ಇರಲಿಲ್ಲ. ಬಂದದ್ದು ಕೆಲವೇ ರೋಗಿಗಳಿಗೆ ಸಾಲುವಷ್ಟು. ಎಲ್ಲರಿಗೂ ಕೊಡಲಾಗದ ಔಷಧಿಯನ್ನು ಚೀಟಿ ಎತ್ತಿದ ಹಾಗೆ ಹಂಚಿ ಪರೀಕ್ಷಿಸುವುದೇ ನ್ಯಾಯವೆಂದು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿ ತೀರ್ಮಾನಿಸಿದರು. ಎರಡೂ ಶ್ವಾಸಕೋಶಗಳಿಗೆ ರೋಗ ಹಬ್ಬಿದ್ದ 107 ಯುವಕ ಯುವತಿಯರಲ್ಲಿ 55 ಮಂದಿಗೆ ಔಷಧಿ ಮತ್ತು ಹಾಸಿಗೆ, 52 ಮಂದಿಗೆ ಹಾಸಿಗೆ ಮಾತ್ರ. ಯಾರು ಯಾವ ಗುಂಪಿಗೆ ಎಂಬುದು ಮುಚ್ಚಿದ ಲಕೋಟೆಯೊಳಗಿತ್ತು. ಎಕ್ಸ್‌ರೇ ನೋಡಿದವರಿಗೆ ಅದು ಯಾವ ಗುಂಪಿನ ರೋಗಿಯದೆಂದು ತಿಳಿಸಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಮಂದಿ, ಪಡೆಯದವರಲ್ಲಿ 14 ಮಂದಿ ಸತ್ತರು. 1948ರಲ್ಲಿ ಪ್ರಕಟವಾದ ಈ ವರದಿ ವೈದ್ಯಚರಿತ್ರೆಯ ಮೈಲಿಗಲ್ಲೆಂದು ಎಲ್ಲ ಪಠ್ಯಗಳಲ್ಲೂ ಇದೆ. ಅದರ ಮುಂದಿನ ಅಧ್ಯಾಯವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅದೇ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದಾಗ ಔಷಧಿ ಪಡೆದ 55ರಲ್ಲಿ 32 ಮಂದಿ, ಪಡೆಯದ 52ರಲ್ಲಿ 35 ಮಂದಿ ತೀರಿಕೊಂಡಿದ್ದರು. ಒಂದೇ ಔಷಧಿಗೆ ಕ್ರಿಮಿ ಒಗ್ಗಿಹೋಗಿತ್ತು. ಆರು ತಿಂಗಳ ಪುರಾವೆ ಸುಳ್ಳಾಗಿರಲಿಲ್ಲ, ಆದರೆ ಅದು ಆರು ತಿಂಗಳಿಗಷ್ಟೇ ಸಲ್ಲುವ ಪುರಾವೆಯಾಗಿತ್ತು. ಆಮೇಲಿನ ಪ್ರಯೋಗಗಳು ಪ್ಯಾಸ್ ಎಂಬ ಎರಡನೇ ಔಷಧಿ ಜೊತೆಗಿದ್ದರೆ ಕ್ರಿಮಿ ಒಗ್ಗುವುದು ಬಹುಮಟ್ಟಿಗೆ ತಪ್ಪುತ್ತದೆಂದು ತೋರಿಸಿದವು. 1952ರಲ್ಲಿ ಐಸೋನಿಯಾಜಿಡ್ ಬಂತು. ಕ್ಷಯಕ್ಕೆ ಎಂದೂ ಒಂದೇ ಔಷಧಿ ಕೊಡಬಾರದೆಂಬ ನಿಯಮ ಹುಟ್ಟಿದ್ದು ಹೀಗೆ.

ಈ ಹೊತ್ತಿಗೆ ಭಾರತದ ಸ್ಥಿತಿ ಬೇರೆ ಇತ್ತು. 1946ರ ಭೋರ್ ಸಮಿತಿಯ ಅಂದಾಜಿನಂತೆ ದೇಶದಲ್ಲಿ 25 ಲಕ್ಷ ಕ್ಷಯರೋಗಿಗಳಿದ್ದರು. ಹಾಸಿಗೆಗಳು ಸುಮಾರು 6,000. ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಎರಡೂ ಗುಂಪುಗಳಿಗೆ ಹಾಸಿಗೆ ಇತ್ತು, ಹಾಗಾಗಿ ಹಾಸಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ನಮ್ಮ ಬಡತನದಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ಮಂಡಳಿ ಕೂಡಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವೊಂದನ್ನು ತೆರೆದವು. ವ್ಯಾಲೇಸ್ ಫಾಕ್ಸ್ ಅದರ ಮುಂದಾಳತ್ವ ವಹಿಸಿದರು. ನಗರದ ಬಡ ಬಡಾವಣೆಗಳ 193 ರೋಗಿಗಳನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಐಸೋನಿಯಾಜಿಡ್ ಮತ್ತು ಪ್ಯಾಸ್ ಔಷಧಿಗಳನ್ನೇ ಒಂದು ವರ್ಷ ಕೊಡಲಾಯಿತು. ಒಂದು ಗುಂಪು ಸ್ಯಾನಟೋರಿಯಂನಲ್ಲಿ. ಇನ್ನೊಂದು ತಂತಮ್ಮ ಇಕ್ಕಟ್ಟಿನ ಮನೆಗಳಲ್ಲಿ, ವಾರಕ್ಕೊಮ್ಮೆ ಬಂದು ಔಷಧಿ ಒಯ್ಯುತ್ತಾ. ವರ್ಷದ ಕೊನೆಯಲ್ಲಿ ರೋಗ ತಣ್ಣಗಾಗಿದ್ದವರು ಸ್ಯಾನಟೋರಿಯಂನಲ್ಲಿ ಶೇ 92, ಮನೆಯಲ್ಲಿ ಶೇ 86. ಸ್ಯಾನಟೋರಿಯಂನವರು ಒಳ್ಳೆಯ ಊಟ ಉಂಡಿದ್ದರು, ಹೆಚ್ಚು ತೂಕ ಗಳಿಸಿದ್ದರು, ಹೆಚ್ಚು ವಿಶ್ರಾಂತಿ ಪಡೆದಿದ್ದರು. ಅಷ್ಟಿದ್ದೂ ಅಂತರ ಇಷ್ಟೇ.

ಈ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು ಏನು ತೀರ್ಮಾನಿಸಬೇಕಿತ್ತು? ಶೇ 92 ದೊಡ್ಡದು, ಆದ್ದರಿಂದ ಸ್ಯಾನಟೋರಿಯಂ ಮೇಲು ಎಂದು ಒಬ್ಬರು ಹೇಳಬಹುದಿತ್ತು. ಅಷ್ಟು ಚಿಕ್ಕ ಗುಂಪುಗಳಲ್ಲಿ ಆರು ಅಂಶಗಳ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದೆಂದು ಇನ್ನೊಬ್ಬರು ಹೇಳಬಹುದಿತ್ತು. ಮದ್ರಾಸಿನವರು ಅಲ್ಲಿಗೆ ನಿಲ್ಲಲಿಲ್ಲ. ಮನೆಯಲ್ಲೇ ಉಳಿದ ರೋಗಿಯಿಂದ ಹೆಂಡತಿ ಮಕ್ಕಳಿಗೆ ರೋಗ ತಗುಲುವುದಿಲ್ಲವೇ ಎಂಬುದೇ ಎಲ್ಲಕ್ಕಿಂತ ದೊಡ್ಡ ಆಕ್ಷೇಪವೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಎರಡೂ ಗುಂಪುಗಳ ಮನೆಯವರನ್ನು ಐದು ವರ್ಷ ಹಿಂಬಾಲಿಸಿದರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದಲ್ಲಿ ಹೊಸ ಕ್ಷಯ ಹೆಚ್ಚಾಗಿ ಕಾಣಲಿಲ್ಲ. ಅಪಾಯದ ಬಹುಭಾಗ ರೋಗ ಪತ್ತೆಯಾಗುವ ಮೊದಲೇ ಆಗಿಹೋಗಿರುತ್ತದೆ, ಔಷಧಿ ಶುರುವಾದ ಮೇಲೆ ಬೇಗ ಇಳಿಯುತ್ತದೆ ಎಂಬುದು ಅದರಿಂದ ತಿಳಿಯಿತು. ರೋಗಿಗಳಲ್ಲೂ ಐದು ವರ್ಷದ ಹೊತ್ತಿಗೆ ಎರಡು ಗುಂಪುಗಳ ಸ್ಥಿತಿ ಬಹುತೇಕ ಒಂದೇ ಆಗಿತ್ತು. ಲಕ್ಷಾಂತರ ರೋಗಿಗಳಿಗೆ ಹಾಸಿಗೆಯೇ ಇಲ್ಲದ ದೇಶದಲ್ಲಿ, ದುಡಿಯುವ ಗಂಡಸು ಅಥವಾ ಅಡುಗೆಮನೆ ನಡೆಸುವ ಹೆಂಗಸು ವರ್ಷಗಟ್ಟಲೆ ಮನೆ ಬಿಟ್ಟು ಹೋಗಬೇಕಿದ್ದ ವ್ಯವಸ್ಥೆಯಲ್ಲಿ, ಈ ಪುರಾವೆಯನ್ನು ತೂಗಿದವರು ಮನೆ ಚಿಕಿತ್ಸೆಯ ಕಡೆ ವಾಲಿದ್ದು ಸರಿಯಾಗಿತ್ತು. ಮುಂದೆ ಶ್ರೀಮಂತ ದೇಶಗಳ ಸ್ಯಾನಟೋರಿಯಂಗಳೂ ಬಾಗಿಲು ಹಾಕಿದವು.

ಮದ್ರಾಸಿನ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆಗೆ ಒಯ್ದ ಮಾತ್ರೆ ರೋಗಿಯ ಹೊಟ್ಟೆ ಸೇರಿತೇ ಎಂಬುದನ್ನು ಅವರು ನಂಬಿಕೆಗೆ ಬಿಡಲಿಲ್ಲ. ಮುನ್ಸೂಚನೆ ಕೊಡದೆ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು; ಮೂತ್ರದ ಮಾದರಿ ತಂದು ಪರೀಕ್ಷಿಸುತ್ತಿದ್ದರು. ಪ್ಯಾಸ್ ನುಂಗಿದವರ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದರೆ ಕೆಂಪು ನೇರಳೆ ಬಣ್ಣ ಏಳುತ್ತದೆ, ನುಂಗದಿದ್ದರೆ ಏಳುವುದಿಲ್ಲ. ಮೈ ಹಗುರಾದೊಡನೆ ಔಷಧಿ ಬಿಡುವವರು ಎಲ್ಲ ವರ್ಗದಲ್ಲೂ ಇದ್ದಾರೆಂದು ಇಂಥ ತಪಾಸಣೆಯಿಂದ ಗೊತ್ತಾಯಿತು. ಆ ಅರಿವಿನಿಂದಲೇ ಆರೋಗ್ಯ ಸಿಬ್ಬಂದಿಯ ಕಣ್ಣೆದುರು ವಾರಕ್ಕೆರಡು ಸಲ ಔಷಧಿ ಕೊಡುವ ಪ್ರಯೋಗ ನಡೆದು, ಅದೂ ದಿನದ ಔಷಧಿಯಷ್ಟೇ ಫಲ ಕೊಡುತ್ತದೆಂದು 1964ರಲ್ಲಿ ಪ್ರಕಟವಾಯಿತು. ಮುಂದೆ ಜಗತ್ತು ಡಾಟ್ಸ್ ಎಂದು ಕರೆದ ಪದ್ಧತಿಯ ಒಂದು ಬೇರು ಇಲ್ಲಿದೆ. ದಿನವೂ ರಕ್ತದೊತ್ತಡ, ಮಧುಮೇಹದ ರೋಗಿಗಳನ್ನು ನೋಡುವ ಫಿಸಿಷಿಯನ್ನರಿಗೆ ಈ ಪಾಠ ಹಳೆಯದಾಗಿಲ್ಲ. ಬರೆದುಕೊಟ್ಟ ಔಷಧಿ ಕೆಲಸ ಮಾಡಲಿಲ್ಲವೆಂದು ಇನ್ನೊಂದನ್ನು ಸೇರಿಸುವ ಮೊದಲು, ಮೊದಲನೆಯದು ನುಂಗಿದ್ದಾರೆಯೇ ಎಂಬ ಪುರಾವೆಯನ್ನು ಕೇಳಬೇಕು.

ಚಿಕಿತ್ಸೆಗಿಂತ ಮೊದಲಿನ ತೀರ್ಮಾನ ರೋಗನಿರ್ಣಯ. ಅಲ್ಲೂ ಒಂದು ದೊಡ್ಡ ನಂಬಿಕೆ ಕುಸಿಯಿತು. ಎದೆಯ ಎಕ್ಸ್‌ರೇಯೇ ಕ್ಷಯಕ್ಕೆ ಅಂತಿಮ ಸಾಕ್ಷಿ ಎಂದು ತಿಳಿದಿದ್ದ ಕಾಲದಲ್ಲಿ, 1940ರ ದಶಕದ ಅಮೆರಿಕದಲ್ಲಿ ನುರಿತ ಪರಿಣತರಿಗೆ ಒಂದೇ ಎಕ್ಸ್‌ರೇಗಳನ್ನು ಕೊಟ್ಟು ನೋಡಿದರು. ಅವರ ನಡುವೆ ಒಮ್ಮತವಿರಲಿಲ್ಲ. ಅಷ್ಟೇ ಅಲ್ಲದೆ ಅದೇ ಫಿಲ್ಮನ್ನು ಎರಡನೇ ಸಲ ನೋಡಿದಾಗ ಅದೇ ವ್ಯಕ್ತಿಯೂ ಮೊದಲು ಹೇಳಿದ್ದಕ್ಕೆ ಬೇರೆಯಾಗಿ ಹೇಳುವುದು ಅಪರೂಪವಾಗಿರಲಿಲ್ಲ. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕ್ರಿಮಿ ಕಾಣುತ್ತದೆ. ಈ ಅಗ್ಗದ ಪರೀಕ್ಷೆಗೂ ಮಿತಿಯಿದೆ, ಕ್ರಿಮಿ ಕಡಿಮೆ ಇದ್ದರೆ ತಪ್ಪಿಹೋಗುತ್ತದೆ. ಆದರೆ ಕಂಡದ್ದು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಕ್ಷಯವೇ, ಅದೂ ಇತರರಿಗೆ ಹರಡುವಂಥದ್ದು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಸಂಸ್ಥೆ ಈ ಪರೀಕ್ಷೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರದ ಕೈಗೆ ಕೊಡುವ ದಾರಿ ಹುಡುಕಿತು. ಅದಕ್ಕೆ ಬಲ ಕೊಟ್ಟದ್ದು ತುಮಕೂರು ಜಿಲ್ಲೆಯಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ. ಹಳ್ಳಿಯ ಜನ ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ, ಮನೆಮನೆಗೆ ಎಕ್ಸ್‌ರೇ ವಾಹನ ಕಳಿಸಿದರಷ್ಟೇ ಪತ್ತೆ ಸಾಧ್ಯ ಎಂಬುದು ಆಗಿನ ತಿಳಿವಳಿಕೆ. ತುಮಕೂರಿನ ಹಳ್ಳಿಗಳಲ್ಲಿ ಕಂಡದ್ದು ಬೇರೆ: ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೆ ಕಾಯಿಲೆಯ ಲಕ್ಷಣ ಇರುವುದು ಗೊತ್ತಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹಾಗೆ ಹೋದವರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಕೆಮ್ಮಿನ ಔಷಧಿಯ ಸೀಸೆ. ತಪ್ಪು ರೋಗಿಯ ಕಡೆ ಇರಲಿಲ್ಲ. ಬಾಗಿಲಿಗೆ ಬಂದವರನ್ನು ಸರಿಯಾಗಿ ವಿಚಾರಿಸದ ವೈದ್ಯವ್ಯವಸ್ಥೆಯ ಕಡೆ ಇತ್ತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಕೆಮ್ಮಿನಿಂದ ಆರೋಗ್ಯ ಕೇಂದ್ರಕ್ಕೆ ಬರುವವರ ಕಫ ನೋಡುವುದನ್ನೇ ಅಡಿಪಾಯ ಮಾಡಿಕೊಂಡದ್ದು ಇಂಥ ಕೆಲಸದಿಂದ. ಇದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಜನರನ್ನು ಮಾತಾಡಿಸಿ ಪಡೆದ ತಿಳಿವಳಿಕೆ. ಪ್ರಶ್ನೆ ಆ ಬಗೆಯದಾದ್ದರಿಂದ ಅದಕ್ಕೆ ತಕ್ಕ ಪುರಾವೆಯೂ ಅದೇ.

ಒಂದು ಊರಿನ ಪುರಾವೆ ಇನ್ನೊಂದು ಊರಿಗೆ ಸಲ್ಲದೆ ಹೋಗಬಹುದು ಎಂಬುದನ್ನು ಬಿಸಿಜಿ ಲಸಿಕೆ ಕಲಿಸಿತು. ಬ್ರಿಟನ್ನಿನ ಶಾಲಾಮಕ್ಕಳಲ್ಲಿ ನಡೆದ ಪ್ರಯೋಗದಲ್ಲಿ ಬಿಸಿಜಿ ಶೇ 75ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿತ್ತು. 1968ರಲ್ಲಿ ಚೆಂಗಲ್ಪಟ್ಟು ಪ್ರದೇಶದಲ್ಲಿ ಲಕ್ಷಾಂತರ ಜನರನ್ನು ಒಳಗೊಂಡ ಪ್ರಯೋಗ ಶುರುವಾಯಿತು; 1979ರಲ್ಲಿ ಮೊದಲ ಫಲಿತಾಂಶ ಹೊರಬಂದಾಗ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲವೆಂದು ತಿಳಿಯಿತು. ಬ್ರಿಟನ್ನಿನ ಪ್ರಯೋಗ ಕಳಪೆಯಾಗಿತ್ತೆಂದು ಇದರ ಅರ್ಥವಲ್ಲ. ಅಲ್ಲಿನ ಮಕ್ಕಳ ಬಗ್ಗೆ ಅದು ನಿಜವನ್ನೇ ಹೇಳಿತ್ತು. ಚೆಂಗಲ್ಪಟ್ಟಿನ ಫಲಿತಾಂಶ ನೋಡಿ ಲಸಿಕೆಯನ್ನೇ ಕೈಬಿಟ್ಟಿದ್ದರೆ ಅದೂ ತಪ್ಪಾಗುತ್ತಿತ್ತು, ಏಕೆಂದರೆ ಎಳೆಯ ಮಕ್ಕಳಿಗೆ ಬರುವ ಮಿದುಳುಪೊರೆಯ ಕ್ಷಯದಂಥ ಮಾರಕ ರೂಪಗಳಿಂದ ಬಿಸಿಜಿ ಕಾಪಾಡುತ್ತದೆಂಬುದಕ್ಕೆ ಬೇರೆ ಪುರಾವೆಯಿತ್ತು. ಹುಟ್ಟಿದ ಕೂಸಿಗೆ ಇಂದಿಗೂ ಅದನ್ನು ಹಾಕುವುದು ಈ ಕಾರಣಕ್ಕೆ.

ಮದ್ರಾಸಿನ ಪುರಾವೆಯನ್ನೇ ನಾವು ಗೆರೆ ದಾಟಿಸಿ ಎಳೆದದ್ದೂ ಉಂಟು. ಒಳ್ಳೆಯ ಊಟವಿಲ್ಲದೆಯೂ ಔಷಧಿಯಿಂದ ರೋಗ ಗುಣವಾಗುತ್ತದೆ ಎಂದು ಅದು ತೋರಿಸಿತ್ತು. ಅಲ್ಲಿಂದ ಕ್ಷಯದಲ್ಲಿ ಊಟದ ಪ್ರಶ್ನೆಯೇ ಮುಖ್ಯವಲ್ಲ ಎಂಬ ಧೋರಣೆ ಬೆಳೆಯಿತು. ಆದರೆ ಊಟ ಕೊಟ್ಟರೆ ರೋಗಿಯ ಮನೆಯವರಿಗೆ ಕ್ಷಯ ಬರುವುದು ತಪ್ಪುತ್ತದೆಯೇ ಎಂದು ಮದ್ರಾಸಿನ ಪ್ರಯೋಗ ಕೇಳಿರಲೇ ಇಲ್ಲ. ಅದನ್ನು ಕೇಳಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು. ಝಾರ್ಖಂಡದಲ್ಲಿ 2,800 ರೋಗಿಗಳು ಮತ್ತು ಅವರ ಮನೆಯ ಹತ್ತು ಸಾವಿರಕ್ಕೂ ಮಿಕ್ಕ ಮಂದಿಯನ್ನು ಒಳಗೊಂಡ ಅವರ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ರೋಗಿಗಳೆಲ್ಲರಿಗೂ ಪಡಿತರ ಕೊಟ್ಟರು. ಮನೆಯವರಲ್ಲಿ ಚೀಟಿ ಎತ್ತಿ ಆರಿಸಿದ ಗುಂಪಿನವರಿಗೆ ಮಾತ್ರ ಹೆಚ್ಚಿನ ಧಾನ್ಯ, ಬೇಳೆ ಮುಂತಾದವು. ಹಾಗೆ ಪಡೆದವರಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಬಹಳ ಕಡಿಮೆ ಇತ್ತು. ಇದು ಮಾತ್ರ ಹೋಲಿಕೆಯ ಗುಂಪಿಲ್ಲದೆ ಕಂಡ ಸಂಬಂಧ, ಹಾಗಾಗಿ ಮೊದಲಿನದರಷ್ಟು ತೂಕದ್ದಲ್ಲ. ಆರು ದಶಕಗಳ ಅಂತರದ ಈ ಎರಡು ಪ್ರಯೋಗಗಳು ಒಂದಕ್ಕೊಂದು ವಿರೋಧಿಯಲ್ಲ. ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದ್ದೇ ನಮ್ಮ ದೋಷ.

ಇಷ್ಟೆಲ್ಲ ಕೇಳಿದ ಮೇಲೂ ಅನುಭವಿ ವೈದ್ಯರು ಎತ್ತುವ ಕೆಲವು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಪ್ರಯೋಗ ಹೇಳುವುದು ಸರಾಸರಿಯನ್ನು, ನನ್ನೆದುರು ಇರುವವರು ಒಬ್ಬ ವ್ಯಕ್ತಿ ಎಂಬುದು ಮೊದಲನೆಯದು. ಮಾತು ನಿಜ. ಹಾಗೆಂದೇ ಸರಾಸರಿ ಗೊತ್ತಿರಬೇಕು. ಈ ರೋಗಿ ಯಾವ ಕಾರಣಕ್ಕೆ ಅದರಿಂದ ಬೇರೆ ಎಂದು ಹೇಳಲು ಅದೊಂದೇ ಆಧಾರ. ರಕ್ತ ಕಾರುತ್ತಿರುವ, ಉಸಿರು ಕಟ್ಟುತ್ತಿರುವ, ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದ ಕ್ಷಯರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ಮದ್ರಾಸಿನ ಪುರಾವೆಯನ್ನು ಮೀರಿದಂತಾಗುವುದಿಲ್ಲ. ಅದು ಅಂಥವರ ಬಗ್ಗೆ ಹೇಳಿದ್ದಲ್ಲ ಎಂದು ಗುರುತಿಸಿದಂತಾಗುತ್ತದೆ. ಎರಡನೆಯದು ಇನ್ನೂ ಗಂಭೀರ: ಬಡವರ ಮೇಲೆ ಚೀಟಿ ಎತ್ತಿ ಪ್ರಯೋಗ ಮಾಡುವುದು ಅಮಾನವೀಯವಲ್ಲವೇ? 1948ರ ಪ್ರಯೋಗದಲ್ಲಿ ಔಷಧಿ ಸಿಗದ ಗುಂಪಿನವರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದನ್ನೇ ತಿಳಿಸಿರಲಿಲ್ಲ. ಇಂದು ಅದನ್ನು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಪ್ರಯೋಗವಿಲ್ಲದ ಕಾಲದಲ್ಲಿ ಪಕ್ಕೆಲುಬು ಕಳೆದುಕೊಂಡವರೂ ಚಿನ್ನದ ವಿಷ ಉಂಡವರೂ ಪ್ರಯೋಗಕ್ಕೆ ಒಳಗಾದವರೇ. ವ್ಯತ್ಯಾಸವೆಂದರೆ ಅವರ ನೋವಿನಿಂದ ಮುಂದಿನವರಿಗೆ ತಿಳಿವಳಿಕೆ ದಕ್ಕಲಿಲ್ಲ. ರೋಗಿಯ ತಿಳಿದ ಒಪ್ಪಿಗೆ ಪಡೆದು, ಯಾವುದು ಮೇಲೆಂದು ನಿಜವಾಗಿ ಗೊತ್ತಿಲ್ಲದಾಗ ಮಾತ್ರ ಹೋಲಿಸಿ ನೋಡುವುದು ಹೆಚ್ಚು ಮಾನವೀಯ.

ಮೂರನೆಯ ಆಕ್ಷೇಪ ಸಮಯದ್ದು. ಬೆಳಗಿನಿಂದ ಮಧ್ಯಾಹ್ನದೊಳಗೆ ನೂರು ಜನರನ್ನು ನೋಡಬೇಕಾದ ವೈದ್ಯರು ಯಾವ ಪ್ರಬಂಧ ಓದಿಯಾರು? ಎಲ್ಲವನ್ನೂ ಅವರೇ ಓದಬೇಕಿಲ್ಲ, ಮಾರ್ಗಸೂಚಿಗಳು ಇರುವುದೇ ಅದಕ್ಕೆ. ಆದರೆ ಮಾರ್ಗಸೂಚಿಯೂ ಒಂದು ಕಾಲದ ತೀರ್ಮಾನ. ವಾರಕ್ಕೆ ಮೂರು ದಿನ ಔಷಧಿ ಕೊಡುವ ಪದ್ಧತಿ ನಮ್ಮ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ನಡೆದು, ಹೊಸ ಪುರಾವೆಯ ಮೇಲೆ ಮತ್ತೆ ದಿನನಿತ್ಯದ ಔಷಧಿಗೆ ಬದಲಾಯಿತು. ಆದ್ದರಿಂದ ಸೂಚಿಯನ್ನು ಪಾಲಿಸುವವರಿಗೂ ಅದರ ಹಿಂದಿನ ಪ್ರಶ್ನೆ ಏನೆಂದು ಗೊತ್ತಿರಬೇಕು. ಅದಕ್ಕೆ ಬೇಕಾಗುವುದು ಗ್ರಂಥಾಲಯಕ್ಕಿಂತ ಹೆಚ್ಚಾಗಿ ಒಂದು ಅಭ್ಯಾಸ. ಈ ಮಾತು ಯಾರನ್ನು ನೋಡಿ ಹೇಳಿದ್ದು, ಯಾವುದರೊಡನೆ ಹೋಲಿಸಿ ಹೇಳಿದ್ದು, ಎಷ್ಟು ಕಾಲ ಹಿಂಬಾಲಿಸಿ ಹೇಳಿದ್ದು, ನನ್ನೆದುರಿನ ರೋಗಿ ಅವರಂತೆಯೇ ಇದ್ದಾರೆಯೇ ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳಲು ಹೆಚ್ಚು ಹೊತ್ತು ಬೇಡ. ಮದ್ರಾಸು, ತುಮಕೂರು, ಚೆಂಗಲ್ಪಟ್ಟು, ಮಂಗಳೂರಿನ ಸಂಶೋಧಕರು ಮಾಡಿದ್ದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಬೇರೆಯವರು ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದು ತಮ್ಮ ರೋಗಿಗಳ ಮನೆ, ಊಟ, ದುಡಿಮೆ ಅವರ ಕಣ್ಣಮುಂದೆ ಇದ್ದುದರಿಂದ. ವೈದ್ಯಕೀಯ ಕಾಲೇಜುಗಳಲ್ಲಿ ಈ ಚರಿತ್ರೆಯನ್ನು ಬ್ರಿಟನ್ನಿನ 1948ರ ವರದಿಯ ಜೊತೆಯಲ್ಲೇ ಕಲಿಸಬೇಕು. ಆಗ ಮುಂದಿನ ಪೀಳಿಗೆಯ ಫಿಸಿಷಿಯನ್ನರಿಗೆ ಪುರಾವೆ ಎಲ್ಲಿಂದಲೋ ಬಂದ ಅಪ್ಪಣೆಯಂತೆ ಕಾಣುವುದಿಲ್ಲ; ತಮ್ಮ ರೋಗಿಗಳ ಪರವಾಗಿ ತಾವೇ ಕೇಳಬೇಕಾದ, ಪರೀಕ್ಷಿಸಬೇಕಾದ, ಅಗತ್ಯ ಬಿದ್ದರೆ ತಿದ್ದಬೇಕಾದ ಉತ್ತರವಾಗಿ ಕಾಣುತ್ತದೆ.